ಗುರಿ ಅಭ್ಯಾಸಕ್ಕೆ ರೈಫಲ್, ಬೆಳೆ ಕಾವಲಿಗೆ ಬೇರೆ ದಾರಿ: ದಾವಣಗೆರೆ, ಚಿತ್ರದುರ್ಗದವರಿಗೆ ಆಯ್ಕೆಯ ಸಮಗ್ರ ಮಾರ್ಗದರ್ಶಿ

ರೈಫಲ್ ಕೊಳ್ಳುವ ಯೋಚನೆಯಲ್ಲಿರುವ ನಮ್ಮ ಭಾಗದ ಯುವಕರ ಮನಸ್ಸಿನಲ್ಲಿ ಸಾಮಾನ್ಯವಾಗಿ ಎರಡು ಕೆಲಸಗಳು ಒಟ್ಟಿಗೇ ಇರುತ್ತವೆ. ಒಂದು, ಗುರಿ ಹೊಡೆಯುವುದನ್ನು ಕ್ರಮವಾಗಿ ಕಲಿತು ಸ್ಪರ್ಧೆಗೆ ಹೋಗುವುದು. ಇನ್ನೊಂದು, ಮೆಕ್ಕೆಜೋಳದ ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಹೊಲಕ್ಕೆ ನುಗ್ಗುವ ಹಂದಿಗಳ ಕಾಟಕ್ಕೆ ಏನಾದರೂ ದಾರಿ ಮಾಡಿಕೊಳ್ಳುವುದು. ಎರಡಕ್ಕೂ ಒಂದೇ ರೈಫಲ್ ಸಾಕಾಗುವುದಿಲ್ಲವೇ ಎಂದು ಕೇಳುತ್ತಾರೆ. ಸಾಕಾಗುವುದಿಲ್ಲ. ಕಾನೂನು ಈ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ಇರಿಸಿದೆ, ನಮ್ಮ ಬಯಲುಸೀಮೆಯ ಹೊಲಗಳೂ ಹಾಗೆಯೇ ಹೇಳುತ್ತವೆ, ರೈಫಲ್ಲಿನ ರಚನೆಯೂ ಅದನ್ನೇ ಹೇಳುತ್ತದೆ. ಆದ್ದರಿಂದ ಯಾವ ಕಂಪನಿ, ಯಾವ ಮಾದರಿ ಎಂದು ವಿಚಾರಿಸುವ ಮೊದಲು ಯಾವ ಕೆಲಸಕ್ಕೆ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಆ ತೀರ್ಮಾನವಾದ ಮೇಲೆ ಉಳಿದ ಆಯ್ಕೆ ಅಷ್ಟೇನೂ ಕಷ್ಟವಲ್ಲ.

ಮೊದಲ ಹೆಜ್ಜೆ: ಕೆಲಸ ಯಾವುದೆಂದು ತೀರ್ಮಾನಿಸುವುದು

ಯೂಟ್ಯೂಬ್‌ನಲ್ಲಿ ಕಾಣುವ ಅಮೆರಿಕದ ವಿಡಿಯೋಗಳಲ್ಲಿ ವರ್ಮಿಂಟ್ ರೈಫಲ್, ಅಂದರೆ ಉಪದ್ರವಿ ಪ್ರಾಣಿಗಳನ್ನು ಹೊಡೆಯುವ ರೈಫಲ್, ಎಂಬ ಒಂದು ವರ್ಗವೇ ಇದೆ. ಹುಲ್ಲುಗಾವಲಿನಲ್ಲಿರುವ ಪ್ರೇರಿ ನಾಯಿ ಎಂಬ ಅಳಿಲು ಜಾತಿಯ ಪ್ರಾಣಿ, ಬಿಲ ತೋಡುವ ಗ್ರೌಂಡ್‌ಹಾಗ್, ತೋಳದಂಥ ಕಯೋಟಿ ಮುಂತಾದ ಪ್ರಾಣಿಗಳನ್ನು ದೂರದಿಂದ ಹೊಡೆಯಲೆಂದು ದಪ್ಪ ನಳಿಗೆ, ಹಗುರ ಗುಂಡು, ಅತಿ ವೇಗ ಇವುಗಳನ್ನು ಒಂದುಗೂಡಿಸಿ ಮಾಡಿದ ರೈಫಲ್‌ಗಳು ಅವು. 1950ರಲ್ಲಿ ಬಂದ .222 ರೆಮಿಂಗ್‌ಟನ್, 2002ರ .17 ಎಚ್‌ಎಂಆರ್, 2004ರ .204 ರೂಗರ್ ಈ ವರ್ಗದ ಹೆಸರಾಂತ ತೋಟಾಗಳು. ದಪ್ಪ ನಳಿಗೆ ಬೇಗ ಬಿಸಿಯಾಗುವುದಿಲ್ಲ, ಕಡಿಮೆ ಕಂಪಿಸುತ್ತದೆ, ಹೊಡೆತಗಳು ಒಂದೇ ಜಾಗಕ್ಕೆ ಬೀಳುತ್ತವೆ. ಇದೇ ಗುಣಗಳು ಗುರಿ ಅಭ್ಯಾಸಕ್ಕೂ ಬೇಕಾಗಿರುವುದರಿಂದ ಅಲ್ಲಿ ಒಂದೇ ರೈಫಲ್ ಎರಡು ಕೆಲಸಗಳಿಗೂ ಸಲ್ಲುತ್ತದೆ. ಆ ಸಲಹೆ ಅಲ್ಲಿನ ನೆಲಕ್ಕೆ, ಅಲ್ಲಿನ ಕಾನೂನಿಗೆ ಸರಿ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಅನುಸೂಚಿಯಲ್ಲಿರುವ ಪ್ರಾಣಿಗಳ ಬೇಟೆಯನ್ನು ನಿಷೇಧಿಸುತ್ತದೆ. ಕೊಲ್ಲುವುದಷ್ಟೇ ಬೇಟೆಯಲ್ಲ, ಹಿಡಿಯುವುದು, ಉರುಳು ಹಾಕುವುದು, ಅಟ್ಟುವುದು, ಆಮಿಷ ಒಡ್ಡುವುದು, ಇವುಗಳಲ್ಲಿ ಯಾವುದಕ್ಕಾದರೂ ಯತ್ನಿಸುವುದು, ಎಲ್ಲವೂ ಆ ಕಾಯ್ದೆಯ ಪ್ರಕಾರ ಬೇಟೆಯೇ. ಮೊದಲು ಇಲಿ, ಕಾಗೆ, ಹಣ್ಣುಬಾವಲಿಗಳನ್ನು ಉಪದ್ರವಿಗಳೆಂದು ಪಟ್ಟಿ ಮಾಡಿದ್ದ 5ನೇ ಅನುಸೂಚಿ 2022ರ ತಿದ್ದುಪಡಿಯಲ್ಲಿ ಹೋಯಿತು. ಆ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಈಗ 2ನೇ ಅನುಸೂಚಿಯ ಯಾವುದಾದರೂ ಪ್ರಾಣಿಯನ್ನು ನಿರ್ದಿಷ್ಟ ಪ್ರದೇಶದಲ್ಲಿ, ನಿರ್ದಿಷ್ಟ ಅವಧಿಗೆ ಉಪದ್ರವಿ ಎಂದು ಘೋಷಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಇದೆ. ನಮ್ಮ ಹೊಲಗಳಿಗೆ ಬರುವ ಕಾಡುಹಂದಿ 2ನೇ ಅನುಸೂಚಿಯಲ್ಲಿದೆ. ನವಿಲು, ಕರಡಿ, ಕೃಷ್ಣಮೃಗ, ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡಿನಲ್ಲಿರುವ ಕೊಂಡುಕುರಿ, ಇವೆಲ್ಲ 1ನೇ ಅನುಸೂಚಿಯವು. ಅವುಗಳನ್ನು ಬೇಟೆಯಾಡಿದರೆ 3ರಿಂದ 7 ವರ್ಷದವರೆಗೆ ಸೆರೆವಾಸವಿದೆ. ಏರ್‌ಗನ್ ಹಿಡಿದು ಪಾರಿವಾಳ, ಗಿಳಿ ಹೊಡೆಯುವ ಹುಡುಗರಿಗೆ ಮನೆಯ ಹಿರಿಯರು ಇದನ್ನು ಸ್ಪಷ್ಟವಾಗಿ ತಿಳಿಸಬೇಕು. ಊರಿನ ನಾಯಿ, ಬೆಕ್ಕುಗಳೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ರಕ್ಷಣೆಯಲ್ಲಿವೆ.

ಹೀಗಾಗಿ ಇಲ್ಲಿ ರೈಫಲ್ ಆರಿಸುವುದೆಂದರೆ ಗುರಿ ಅಭ್ಯಾಸಕ್ಕೆ ಆರಿಸುವುದು. ಬೆಳೆಯ ವಿಚಾರ ಬೇರೆ. ಅದನ್ನು ಮೊದಲು ಮುಗಿಸಿಕೊಳ್ಳೋಣ.

ಬೆಳೆ ಕಾವಲಿನ ವಿಚಾರ

ದಾವಣಗೆರೆಯ ಮೆಕ್ಕೆಜೋಳ, ಚಳ್ಳಕೆರೆಯ ಶೇಂಗಾ, ಹಿರಿಯೂರು, ಹೊಸದುರ್ಗದ ದಾಳಿಂಬೆ, ಇವುಗಳನ್ನು ಬೆಳೆಯುವವರ ನಷ್ಟ ನಿಜವಾದದ್ದು. ಒಂದು ರಾತ್ರಿ ಹಂದಿಯ ಹಿಂಡು ನುಗ್ಗಿದರೆ ಮುರಿದ ದಂಟು ಮತ್ತೆ ನಿಲ್ಲುವುದಿಲ್ಲ. ಆ ಸಂಕಟವನ್ನು ಕಡೆಗಣಿಸಿ ಕಾನೂನು ಹೇಳುವುದು ನನ್ನ ಉದ್ದೇಶವಲ್ಲ. ಆದರೆ ರೈಫಲ್ ಅದಕ್ಕೆ ಮದ್ದಲ್ಲ ಎಂಬುದನ್ನು ಕಾರಣಸಹಿತ ಹೇಳಬೇಕಾಗಿದೆ.

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಓದಿದರೆ ಈ ಭೇದ ಅಲ್ಲಿಯೇ ಕಾಣುತ್ತದೆ. ಪ್ರಾಮಾಣಿಕ ಬೆಳೆ ರಕ್ಷಣೆಗೆ ಅದು ಹೇಳುವುದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು. ಸ್ವರಕ್ಷಣೆ ಅಥವಾ ಕ್ರೀಡೆಗೆ 20 ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬಂದೂಕನ್ನು. ಗುರಿ ಅಭ್ಯಾಸದ ಆಯುಧವನ್ನು ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರಿಗೆಂದು ಬೇರೆಯಾಗಿಯೇ ಹೇಳಿದೆ. ಈ ವಿಂಗಡಣೆಯ ಹಿಂದೆ ಒಳ್ಳೆಯ ಕಾರಣವಿದೆ. ನುಣುಪು ನಳಿಗೆಯ ಬಂದೂಕಿನ ಚರೆಗಳು ಬೇಗ ವೇಗ ಕಳೆದುಕೊಳ್ಳುತ್ತವೆ. ರೈಫಲ್ಲಿನ ಗುಂಡು ಹಾಗಲ್ಲ. ಎಲ್ಲಕ್ಕಿಂತ ಚಿಕ್ಕದೆಂದು ಎಣಿಸುವ .22 ತೋಟಾದ ಗುಂಡು ಕೂಡ ಒಂದೂವರೆ ಕಿಲೋಮೀಟರಿಗೂ ಮಿಗಿಲು ಹೋಗಬಲ್ಲದು. ನಮ್ಮ ಬಯಲಿನಲ್ಲಿ ಅಷ್ಟು ದೂರದೊಳಗೆ ಪಕ್ಕದ ಊರು ಇರುತ್ತದೆ, ರಾತ್ರಿ ನೀರು ಕಟ್ಟಲು ಹೋದ ರೈತ ಇರುತ್ತಾನೆ, ಕುರಿ ಹಟ್ಟಿ ಇರುತ್ತದೆ. ಆಳೆತ್ತರದ ಮೆಕ್ಕೆಜೋಳದ ಆಚೆ ಯಾರಿದ್ದಾರೆಂದು ಬ್ಯಾಟರಿ ಬೆಳಕಿನಲ್ಲಿ ಕಾಣುವುದಿಲ್ಲ.

ಬೆಳೆ ರಕ್ಷಣೆಯ ಪರವಾನಗಿ ಇದ್ದರೂ ಅದು ಪ್ರಾಣಿಯನ್ನು ಕೊಲ್ಲುವ ಅನುಮತಿ ಆಗುವುದಿಲ್ಲ ಎಂಬುದು ಅನೇಕರಿಗೆ ತಿಳಿದಿಲ್ಲ. 2ನೇ ಅನುಸೂಚಿಯ ಪ್ರಾಣಿ ನಿಂತ ಬೆಳೆಗೆ ಅಪಾಯವಾಗಿದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರು, ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ, ಕಾರಣ ದಾಖಲಿಸಿ ಲಿಖಿತವಾಗಿ ಅನುಮತಿ ಕೊಡಬಹುದೆಂದು 11ನೇ ಸೆಕ್ಷನ್ ಹೇಳುತ್ತದೆ. ಆ ಲಿಖಿತ ಆದೇಶ ಕೈಯಲ್ಲಿಲ್ಲದೆ ಟ್ರಿಗರ್ ಮುಟ್ಟುವಂತಿಲ್ಲ. ಇನ್ನೊಂದು ವಿಷಯ ನಮ್ಮ ಎರಡೂ ಜಿಲ್ಲೆಗಳಿಗೆ ಬಹಳ ಮುಖ್ಯ: ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ವಾಸಿಸುವವರಿಗೆ ಹೊಸ ಬಂದೂಕು ಪರವಾನಗಿ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಬೇಕು. ಜೋಗಿಮಟ್ಟಿ ಅಭಯಾರಣ್ಯ ಚಿತ್ರದುರ್ಗ ನಗರಕ್ಕೆ ತಾಗಿಕೊಂಡೇ ಇದೆ. ರಂಗಯ್ಯನದುರ್ಗದ ಅಭಯಾರಣ್ಯದ ಸುತ್ತ ಹಳ್ಳಿಗಳು ಒತ್ತಾಗಿವೆ. ಅರ್ಜಿ ಹಾಕುವ ಮೊದಲೇ ನಿಮ್ಮ ಮನೆ ಎಷ್ಟು ದೂರದಲ್ಲಿದೆ ಎಂದು ನೋಡಿಕೊಳ್ಳಿ.

ಹಂದಿಗೆ ನಾನು ಮೊದಲು ಸೂಚಿಸುವುದು ಸೋಲಾರ್ ಬೇಲಿ. ಅದರ ಯಂತ್ರ ವಿದ್ಯುತ್ತನ್ನು ಕ್ಷಣಮಾತ್ರದ ಮಿಡಿತಗಳಲ್ಲಿ ಬಿಡುವುದರಿಂದ ಪ್ರಾಣಿ ಬೆದರುತ್ತದೆ, ಸಾಯುವುದಿಲ್ಲ. ಮನೆ ಅಥವಾ ಪಂಪ್‌ಸೆಟ್ಟಿನ ಲೈನಿನಿಂದ ನೇರವಾಗಿ ತಂತಿಗೆ ಕರೆಂಟು ಕೊಡುವುದು ಅಪರಾಧ; ಅದಕ್ಕೆ ಹಂದಿಗಳಷ್ಟೇ ಅಲ್ಲ, ಮನುಷ್ಯರೂ ಬಲಿಯಾಗುತ್ತಾರೆ. ಹೊಲದ ಅಂಚನ್ನು ಒಂದೆರಡು ಗಜ ಸವರಿ ಬರಿದಾಗಿಡುವುದು, ಹಂದಿ ನುಗ್ಗುವ ಕಿಂಡಿಗಳನ್ನು ಮುಚ್ಚುವುದು, ತೆನೆ ಕಟ್ಟುವ ವಾರಗಳಲ್ಲಿ ಅಕ್ಕಪಕ್ಕದ ಹೊಲದವರು ಸರದಿಯ ಮೇಲೆ ಕಾವಲಿರುವುದು, ಇವು ಒಟ್ಟಿಗೆ ನಡೆದರೆ ಫಲ ಕೊಡುತ್ತವೆ. ನಷ್ಟವಾದರೆ ಫೋಟೊ, ಪಹಣಿ ಸಹಿತ ವಲಯ ಅರಣ್ಯಾಧಿಕಾರಿ ಕಚೇರಿಗೆ ತಡಮಾಡದೆ ಅರ್ಜಿ ಕೊಟ್ಟು ಪರಿಹಾರ ಕೇಳಬೇಕು. ಇಲಿ, ಹೆಗ್ಗಣಗಳಿಗೆ ಬೋನೇ ಸಾಕು.

ಎರಡನೆಯ ಹೆಜ್ಜೆ: ಪರವಾನಗಿಯ ಗೆರೆಯನ್ನು ಅರಿಯುವುದು

ಗುರಿ ಅಭ್ಯಾಸ ಶುರು ಮಾಡಬೇಕಾದದ್ದು ಏರ್ ರೈಫಲ್ಲಿನಿಂದ, ಅಂದರೆ ಮದ್ದಿನ ಬದಲು ಒತ್ತಿದ ಗಾಳಿಯಿಂದ ಗುಂಡು ಹೊಡೆಯುವ ರೈಫಲ್ಲಿನಿಂದ. 2016ರ ಶಸ್ತ್ರಾಸ್ತ್ರ ನಿಯಮಗಳು ಏರ್ ರೈಫಲ್‌ಗಳಿಗೆ ಎರಡು ಅಳತೆಗಳನ್ನು ಇಟ್ಟಿವೆ. ನಳಿಗೆಯ ವ್ಯಾಸ 4.5 ಮಿಲಿಮೀಟರ್, ಅಂದರೆ .177 ಇಂಚು, ಮೀರಿದರೆ ಪರವಾನಗಿ ಬೇಕು. ನಳಿಗೆಯ ಬಾಯಲ್ಲಿ ಗುಂಡಿನ ಶಕ್ತಿ 20 ಜೂಲ್ ಮೀರಿದರೂ ಪರವಾನಗಿ ಬೇಕು. ಎರಡರಲ್ಲಿ ಒಂದು ಮೀರಿದರೂ ಸಾಕು. ಆದ್ದರಿಂದ 5.5 ಮಿಲಿಮೀಟರಿನ, ಅಂದರೆ .22 ಅಳತೆಯ ಏರ್ ರೈಫಲ್ ಎಷ್ಟೇ ದುರ್ಬಲವಾಗಿದ್ದರೂ ಪರವಾನಗಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಏರ್‌ಗನ್ನಿಗೆ ಪರವಾನಗಿ ಬೇಡವೆಂಬ ಹಳೆಯ ಮಾತು ನಂಬಿ ಸೆಕೆಂಡ್ ಹ್ಯಾಂಡ್ .22 ಏರ್‌ಗನ್ ಕೊಂಡು ತೊಂದರೆಗೆ ಸಿಲುಕಬೇಡಿ.

20 ಜೂಲ್ ಎಂದರೆ ಎಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಸ್ಪರ್ಧೆಯಲ್ಲಿ ಬಳಸುವ ಪೆಲೆಟ್ಟಿನ, ಅಂದರೆ ಏರ್ ರೈಫಲ್ಲಿನ ಸಣ್ಣ ಗುಂಡಿನ, ತೂಕ ಸುಮಾರು 0.53 ಗ್ರಾಂ. ಅದು ಸೆಕೆಂಡಿಗೆ ಸುಮಾರು 274 ಮೀಟರ್ ವೇಗದಲ್ಲಿ ಹೊರಟರೆ ಶಕ್ತಿ 20 ಜೂಲ್ ಮುಟ್ಟುತ್ತದೆ. ಒಲಿಂಪಿಕ್ ಮಟ್ಟದ 10 ಮೀಟರ್ ದೂರದ ಸ್ಪರ್ಧೆಯ ಏರ್ ರೈಫಲ್‌ಗಳು ಅದೇ ಪೆಲೆಟ್ಟನ್ನು ಕಳಿಸುವುದು ಸುಮಾರು 170 ಮೀಟರ್ ವೇಗದಲ್ಲಿ. ಶಕ್ತಿ 8 ಜೂಲನ್ನೂ ಮುಟ್ಟುವುದಿಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು, 2012ರಲ್ಲಿ ಲಂಡನ್‌ನಲ್ಲಿ ಗಗನ್ ನಾರಂಗ್ ಕಂಚು ಗೆದ್ದದ್ದು ಈ ಸ್ಪರ್ಧೆಯಲ್ಲಿಯೇ. ಅಂಗಡಿಯಲ್ಲಿ “ಇದಕ್ಕೆ ಪವರ್ ಜಾಸ್ತಿ” ಎಂದು ಹೊಗಳಿದರೆ ಅದು ಗುರಿಕಾರನಿಗೆ ಲಾಭದ ಮಾತಲ್ಲ. ಹೆಚ್ಚಿನ ಶಕ್ತಿ ಎಂದರೆ ಹೆಚ್ಚಿನ ಅಲುಗಾಟ, ಹೆಚ್ಚಿನ ಸದ್ದು, ಗುರಿ ಹಲಗೆಗೆ ಹೆಚ್ಚಿನ ಪೆಟ್ಟು.

ಪರವಾನಗಿ ಬೇಡವೆಂದರೆ ಜವಾಬ್ದಾರಿ ಬೇಡವೆಂದಲ್ಲ. ಗುರುತಿನ ಚೀಟಿ ಕೊಟ್ಟು, ಮಾದರಿ ಮತ್ತು ಕ್ರಮಸಂಖ್ಯೆ ಬರೆದ ಬಿಲ್ ಪಡೆದು, ರೈಫಲ್ ಸಾಗಿಸುವಾಗ ಆ ಬಿಲ್ಲನ್ನು ಜೊತೆಯಲ್ಲಿಡಿ. ಬಸ್ಸಿನಲ್ಲಾಗಲಿ ಬೈಕಿನಲ್ಲಾಗಲಿ ಮುಚ್ಚಿದ ಪೆಟ್ಟಿಗೆಯಲ್ಲೇ ಒಯ್ಯಬೇಕು.

ಮೂರನೆಯ ಹೆಜ್ಜೆ: ಗಾಳಿಯ ಯಂತ್ರವನ್ನು ಆರಿಸುವುದು

ಸ್ಪ್ರಿಂಗ್ ರೈಫಲ್ ನಮ್ಮಲ್ಲಿ ಹೆಚ್ಚು ಕಾಣುವಂಥದ್ದು. ನಳಿಗೆಯನ್ನು ಮಡಚಿದಾಗ ಒಳಗಿನ ಸ್ಪ್ರಿಂಗ್ ಬಿಗಿಯಾಗುತ್ತದೆ; ಟ್ರಿಗರ್ ಒತ್ತಿದಾಗ ಪಿಸ್ಟನ್ ಮುನ್ನುಗ್ಗಿ ಗಾಳಿಯನ್ನು ಒತ್ತುತ್ತದೆ. ಬೆಲೆ ಕಡಿಮೆ, ಪಂಪು, ಸಿಲಿಂಡರ್‌ಗಳ ಗೋಜಿಲ್ಲ, ಹಳ್ಳಿಯಲ್ಲೂ ರಿಪೇರಿ ಸಾಧ್ಯ. ತೊಡಕು ಒಂದೇ, ಆದರೆ ದೊಡ್ಡದು: ಪೆಲೆಟ್ ಇನ್ನೂ ನಳಿಗೆಯೊಳಗೆ ಇರುವಾಗಲೇ ಪಿಸ್ಟನ್ನಿನ ಭಾರದಿಂದ ರೈಫಲ್ ಹಿಂದಕ್ಕೂ ಮುಂದಕ್ಕೂ ಅಲುಗುತ್ತದೆ. ಆದ್ದರಿಂದ ಹಿಡಿತ ಪ್ರತಿ ಸಲವೂ ಒಂದೇ ಥರ, ಸಡಿಲವಾಗಿ ಇರಬೇಕು. ಮುಂಗೈ ಬಿಗಿದು ಹಿಡಿದರೆ ಗುಂಡು ಬೇರೆ ಕಡೆಗೆ ಬೀಳುತ್ತದೆ. ಪೆಲೆಟ್ ಇಲ್ಲದೆ ಹೊಡೆದರೆ ಪಿಸ್ಟನ್ನಿನ ಸೀಲು ಹಾಳಾಗುತ್ತದೆ, ಹೀಗಾಗಿ ಖಾಲಿ ಟ್ರಿಗರ್ ಅಭ್ಯಾಸಕ್ಕೆ ಇದು ಒದಗುವುದಿಲ್ಲ.

ಪಿಸಿಪಿ, ಅಂದರೆ ಗಾಳಿಯನ್ನು ಮೊದಲೇ ಒತ್ತಿ ತುಂಬಿಟ್ಟುಕೊಳ್ಳುವ, ರೈಫಲ್‌ಗಳಲ್ಲಿ ನಳಿಗೆಯ ಕೆಳಗೆ ಸುಮಾರು 200 ಬಾರ್ ಒತ್ತಡದ ಗಾಳಿ ತುಂಬಿದ ಸಿಲಿಂಡರ್ ಇರುತ್ತದೆ. ಪ್ರತಿ ಹೊಡೆತಕ್ಕೆ ಸ್ವಲ್ಪವೇ ಗಾಳಿ ಬಿಡುಗಡೆಯಾಗುತ್ತದೆ, ಅಲುಗಾಟ ಇಲ್ಲವೆನ್ನುವಷ್ಟು ಕಡಿಮೆ. ಈ ಹೊತ್ತು ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಕಾಣುವ ವಾಲ್ಟರ್, ಫೈನ್‌ವೆರ್ಕ್‌ಬೌ, ಆನ್‌ಶುಟ್ಜ್, ಸ್ಟಯರ್ ಎಲ್ಲವೂ ಇದೇ ಬಗೆ. ದೇಶೀಯವಾಗಿ ಪ್ರೆಸಿಹೋಲ್ ಕಂಪನಿಯೂ ಪಿಸಿಪಿ ರೈಫಲ್‌ಗಳನ್ನು ತಯಾರಿಸುತ್ತದೆ. ಇದರಲ್ಲಿ ಗಮನಿಸಬೇಕಾದದ್ದು ಗಾಳಿ ತುಂಬುವ ವ್ಯವಸ್ಥೆ. ಕೈಪಂಪಿನಿಂದ ತುಂಬಿಸಿದರೆ ಗಾಳಿಯ ತೇವ ಒಳಗೆ ಸೇರುತ್ತದೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ತೇವ ತೆಗೆಯುವ ಫಿಲ್ಟರ್ ಇರುವ ಪಂಪನ್ನೇ ಕೊಳ್ಳಿ, ನಡುನಡುವೆ ನಿಲ್ಲಿಸಿ ಆರಲು ಬಿಡಿ. ಸಿಲಿಂಡರಿನ ಮೇಲೆ ತಯಾರಾದ ದಿನ ಕೆತ್ತಿರುತ್ತದೆ. ಅವಧಿ ಮುಗಿದ ಸಿಲಿಂಡರನ್ನು ಸ್ಪರ್ಧೆಯಲ್ಲಿ ಒಪ್ಪುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಕೆನ್ನೆಯ ಹತ್ತಿರ ಇರುವ ಹಳೆಯ ಸಿಲಿಂಡರ್ ಸಿಡಿದರೆ ಆಗುವ ಅನಾಹುತವನ್ನು ನೆನೆಯಬೇಕು.

ಇವೆರಡರ ನಡುವೆ, ಪಕ್ಕದ ಸನ್ನೆಗೋಲನ್ನು ಒಮ್ಮೆ ಎಳೆದು ಒಂದು ಹೊಡೆತದಷ್ಟೇ ಗಾಳಿ ತುಂಬುವ ಬಗೆಯೂ ಇದೆ. ಹಳೆಯ ಸ್ಪರ್ಧಾ ರೈಫಲ್‌ಗಳಲ್ಲಿ ಇದು ಸಾಮಾನ್ಯವಾಗಿತ್ತು. ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಕಲಿಯುವವರಿಗೆ ಉತ್ತಮ.

ನನ್ನ ಅಭಿಪ್ರಾಯ ಹೀಗಿದೆ. ಹುಡುಗ ಅಥವಾ ಹುಡುಗಿ ಈ ಕ್ರೀಡೆಯಲ್ಲಿ ಉಳಿಯುವರೋ ಇಲ್ಲವೋ ತಿಳಿಯದ ಹಂತದಲ್ಲಿ ಕ್ಲಬ್ಬಿನ ರೈಫಲ್ಲಿನಲ್ಲೇ ಕೆಲವು ತಿಂಗಳು ಹೊಡೆಯಲಿ. ಹತ್ತಿರದಲ್ಲಿ ಕ್ಲಬ್ ಇಲ್ಲದಿದ್ದರೆ ಸಾಧಾರಣ ಸ್ಪ್ರಿಂಗ್ ರೈಫಲ್ ಸಾಕು. ಆಸಕ್ತಿ ಗಟ್ಟಿಯಾದ ಮೇಲೆ ನೇರವಾಗಿ ಸ್ಪರ್ಧಾ ದರ್ಜೆಯ ಪಿಸಿಪಿಗೆ ಹೋಗುವುದು ಒಳ್ಳೆಯದು. ನಡುವಿನ ದುಬಾರಿ ಸ್ಪ್ರಿಂಗ್ ರೈಫಲ್, ಅದರ ಮೇಲೊಂದು ದೊಡ್ಡ ದುರ್ಬೀನು, ಈ ಜೋಡಿಗೆ ಹಣ ಹಾಕುವುದು ವ್ಯರ್ಥ. ವಿದೇಶಿ ಸ್ಪರ್ಧಾ ರೈಫಲ್ ಎರಡು ಲಕ್ಷ ರೂಪಾಯಿ ದಾಟುವುದು ಸಾಮಾನ್ಯ. ಅದರ ಜೊತೆ ಗಟ್ಟಿ ಬಟ್ಟೆಯ ಜಾಕೆಟ್ಟು, ಪ್ಯಾಂಟು, ಬೂಟು, ಕೈಗವಸುಗಳ ಖರ್ಚೂ ಸೇರುತ್ತದೆ ಎಂಬುದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ನಾಲ್ಕನೆಯ ಹೆಜ್ಜೆ: ಮೈಗೆ ಹೊಂದಿಸಿ ನೋಡುವುದು

ಇಡೀ ಆಯ್ಕೆಯಲ್ಲಿ ಅತಿ ಮುಖ್ಯವಾದದ್ದು ಇದೇ, ಜನ ಅತಿ ಕಡಿಮೆ ಸಮಯ ಕೊಡುವುದೂ ಇದಕ್ಕೇ. ದರ್ಜಿಯ ಬಳಿ ಅಳತೆ ಕೊಡದೆ ಹೊಲಿಸಿದ ಅಂಗಿಯ ಹಾಗೆ, ಅಳತೆ ನೋಡದೆ ಕೊಂಡ ರೈಫಲ್ ಎಲ್ಲೋ ಒಂದು ಕಡೆ ಹಿಡಿಯುತ್ತಲೇ ಇರುತ್ತದೆ.

ಮೊದಲು ಯಾವ ಕಣ್ಣು ಮುಂದಾಳು ಎಂದು ತಿಳಿಯಿರಿ. ಎರಡೂ ಅಂಗೈಗಳನ್ನು ಮುಂದೆ ಚಾಚಿ ನಡುವೆ ಒಂದು ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ಗೋಡೆಯ ಗಡಿಯಾರವನ್ನು ಆ ಕಿಂಡಿಯಲ್ಲಿ ನೋಡಿ. ನಂತರ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೆಯೋ ಅದು ನಿಮ್ಮ ಮುಂದಾಳು ಕಣ್ಣು. ಬಲಗೈಯವರಾಗಿದ್ದು ಎಡಗಣ್ಣು ಮುಂದಾಳಾಗಿದ್ದರೆ ತರಬೇತುದಾರರ ಜೊತೆ ಮಾತಾಡದೆ ರೈಫಲ್ ಕೊಳ್ಳಬೇಡಿ. ಸ್ಪರ್ಧಾ ರೈಫಲ್ಲಿನ ಹಿಡಿ ಬಲಗೈಗೆ, ಎಡಗೈಗೆ ಬೇರೆ ಬೇರೆಯಾಗಿಯೇ ಬರುತ್ತದೆ.

ಆಮೇಲೆ ಬಟ್ಟಿನ, ಅಂದರೆ ಭುಜಕ್ಕೆ ಒರಗುವ ಹಿಂಭಾಗದ, ಉದ್ದ. ರೈಫಲ್ಲನ್ನು ಭುಜಕ್ಕೆ ಇಟ್ಟಾಗ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ಟ್ರಿಗರಿನ ಮೇಲೆ ನೇರವಾಗಿ ಕೂರಬೇಕು, ಬೆರಳು ಮರಕ್ಕೆ ತಾಗಬಾರದು. ತಲೆಯನ್ನು ಮುಂದಕ್ಕೆ ಚಾಚದೆ ಅಥವಾ ಹಿಂದಕ್ಕೆ ಎಳೆಯದೆ ಕಣ್ಣು ರೈಫಲ್ಲಿನ ಮೇಲೆ ಗುರಿ ನೋಡಲು ಇರುವ ಹಿಂದಿನ ನಿಶಾನೆಯಿಂದ ಎರಡು ಮೂರು ಬೆರಳಿನಷ್ಟು ದೂರದಲ್ಲಿ ನಿಲ್ಲಬೇಕು. ಕೆನ್ನೆ ಒರಗಿಸುವ ಹಲಗೆಯ ಎತ್ತರವನ್ನು ಹೀಗೆ ಪರೀಕ್ಷಿಸಿ: ಕಣ್ಣು ಮುಚ್ಚಿ ರೈಫಲ್ ಎತ್ತಿ, ಕೆನ್ನೆಯನ್ನು ಹಾಯಾಗಿ ಇಳಿಸಿ, ಕತ್ತು ಸಡಿಲ ಬಿಡಿ, ಆಗ ಕಣ್ಣು ತೆರೆಯಿರಿ. ಮುಂದಿನ ನಿಶಾನೆಯ ಉಂಗುರ ಹಿಂದಿನ ರಂಧ್ರದ ಸರಿ ಮಧ್ಯದಲ್ಲಿ ಕಂಡರೆ ಎತ್ತರ ಸರಿ. ಉಂಗುರ ಮೇಲೆ ಕೆಳಗೆ ಕಂಡರೆ ಕತ್ತನ್ನು ಹೊಂದಿಸಿಕೊಳ್ಳಬೇಡಿ, ಹಲಗೆಯನ್ನು ಹೊಂದಿಸಿ. ಹೊಂದಿಸಲು ತಿರುಪುಗಳೇ ಇಲ್ಲದ ರೈಫಲ್ಲಾದರೆ ಅದು ನಿಮ್ಮದಲ್ಲ.

ತೂಕದ ವಿಷಯದಲ್ಲಿ ಅಂತರರಾಷ್ಟ್ರೀಯ ನಿಯಮದ ಮಿತಿ 5.5 ಕಿಲೋ. ವಯಸ್ಕರಿಗೆ ನಾಲ್ಕೂವರೆಯಿಂದ ಐದು ಕಿಲೋ ಹೊಂದುತ್ತದೆ, ಭಾರ ಹೆಚ್ಚಿದಷ್ಟೂ ಮುಂತುದಿಯ ಓಲಾಟ ಕಡಿಮೆ. ಆದರೆ ಹನ್ನೆರಡು ಹದಿಮೂರರ ಮಕ್ಕಳಿಗೆ ಅದು ಬೆನ್ನಿಗೆ ಹೊರೆ. ನಾಲ್ಕು ಕಿಲೋ ಒಳಗಿನ ಜೂನಿಯರ್ ಮಾದರಿಯೇ ಸರಿ. ನಿಂತ ಭಂಗಿಯಲ್ಲಿ ಎಡ ಮೊಣಕೈ ಸೊಂಟದ ಮೂಳೆಯ ಮೇಲೆ ಕೂತು, ತೋಳಿನ ಸ್ನಾಯುವಲ್ಲ, ಮೂಳೆಯೇ ಭಾರ ಹೊರಬೇಕು. ಅಂಗಡಿಯಲ್ಲಿ ಒಮ್ಮೆ ಎತ್ತಿ ನೋಡಿದರೆ ಏನೂ ತಿಳಿಯುವುದಿಲ್ಲ. ಅರ್ಧ ನಿಮಿಷ ಹಿಡಿದು ಇಳಿಸುವುದನ್ನು ಹತ್ತು ಸಲ ಮಾಡಿ. ಕೊನೆಯ ಸಲ ಮುಂತುದಿ ಮೊದಲಿಗಿಂತ ಎಷ್ಟು ಹೆಚ್ಚು ಅಲೆಯುತ್ತಿದೆ ನೋಡಿ. ಸ್ಪರ್ಧೆಯಲ್ಲಿ ಒಂದೂಕಾಲು ಗಂಟೆಯಲ್ಲಿ 60 ಹೊಡೆತ ಹೊಡೆಯಬೇಕು ಎಂಬುದನ್ನು ನೆನಪಿನಲ್ಲಿಡಿ.

ಟ್ರಿಗರ್ ಎರಡು ಹಂತದ್ದಾಗಿರಲಿ: ಮೊದಲು ಹಗುರವಾಗಿ ಸರಿದು ಒಂದು ಕಡೆ ತಡೆಯಬೇಕು, ಅಲ್ಲಿಂದ ಸ್ವಲ್ಪ ಒತ್ತಿದರೆ ಜರುಗದೆ ಬಿಡುಗಡೆಯಾಗಬೇಕು. ಆರಂಭದಲ್ಲೇ ಬಹಳ ಹಗುರ ಮಾಡಿಸಿಕೊಳ್ಳಬೇಡಿ. ನಿಶಾನೆಯಲ್ಲಿ ಸ್ಪರ್ಧೆಗೆ ಬೇಕಾದದ್ದು ಹಿಂದೆ ಸಣ್ಣ ರಂಧ್ರದ ಪೀಪ್ ಸೈಟ್, ಮುಂದೆ ಉಂಗುರ. ದುರ್ಬೀನಿಗೆ ಅಲ್ಲಿ ಅವಕಾಶವಿಲ್ಲ.

ಐದನೆಯ ಹೆಜ್ಜೆ: ಪೆಲೆಟ್ ಹಾಕಿ ಪರೀಕ್ಷಿಸುವುದು

10 ಮೀಟರ್ ಗುರಿಯಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ. ಆದರೆ 4.5 ಮಿಲಿಮೀಟರ್ ಪೆಲೆಟ್ಟಿನ ಅಂಚು ಅದನ್ನು ತಾಗಿದರೂ ಹತ್ತು ಸಿಗುತ್ತದೆ. ಅಂದರೆ ಪೆಲೆಟ್ಟಿನ ನಡು ಗುರಿಯ ನಡುವಿನಿಂದ 2.5 ಮಿಲಿಮೀಟರ್ ಒಳಗಿದ್ದರೆ ಸಾಕು. ಇದರಿಂದ ರೈಫಲ್ಲಿಗೆ ಒಂದು ಸ್ಪಷ್ಟ ಅಳತೆಗೋಲು ಸಿಗುತ್ತದೆ. ರೈಫಲ್ಲನ್ನು ಮರಳಿನ ಚೀಲದ ಮೇಲಿಟ್ಟು 10 ಮೀಟರಿನಿಂದ ಐದು ಗುಂಡು ಹೊಡೆಯಿರಿ. ತೂತುಗಳ ಗುಂಪಿನ ಅತಿ ದೂರದ ಎರಡು ಹೊರ ಅಂಚುಗಳ ಅಂತರವನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆದು ಅದರಲ್ಲಿ 4.5 ಕಳೆಯಿರಿ. ಉಳಿದದ್ದು 5 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಆ ರೈಫಲ್ ಎಲ್ಲ ಗುಂಡನ್ನೂ ಹತ್ತರಲ್ಲಿ ಇಡಬಲ್ಲದು. ಒಳ್ಳೆಯ ಪಿಸಿಪಿಯಿಂದ ಇದನ್ನು ನಿರೀಕ್ಷಿಸಬೇಕು. ಕಲಿಕೆಯ ಸ್ಪ್ರಿಂಗ್ ರೈಫಲ್ 15 ಮಿಲಿಮೀಟರ್ ಒಳಗೆ ಇಟ್ಟರೆ ಗುಂಡುಗಳು ಎಂಟರ ವೃತ್ತದೊಳಗೇ ಬೀಳುತ್ತವೆ, ಸದ್ಯಕ್ಕೆ ಅಷ್ಟು ಸಾಕು. ಸ್ಪ್ರಿಂಗ್ ರೈಫಲ್ಲನ್ನು ಚೀಲದ ಮೇಲೆ ನೇರವಾಗಿ ಇಡದೆ, ಚೀಲದ ಮೇಲೆ ಅಂಗೈ ಇಟ್ಟು ಅದರ ಮೇಲೆ ರೈಫಲ್ ಇಡಬೇಕು, ಇಲ್ಲದಿದ್ದರೆ ಅದು ನೆಗೆದು ಪರೀಕ್ಷೆಯೇ ಕೆಡುತ್ತದೆ. ಒಂದೇ ಗುಂಪು ನೋಡಿ ತೀರ್ಪು ಕೊಡಬೇಡಿ; ಐದು ಗುಂಪುಗಳ ಸರಾಸರಿ ತೆಗೆಯಿರಿ.

ಪೆಲೆಟ್‌ಗಳಲ್ಲಿ ಗುರಿ ಅಭ್ಯಾಸಕ್ಕೆ ಚಪ್ಪಟೆ ಮೂತಿಯವು ಬೇಕು, ಅವು ಕಾಗದದಲ್ಲಿ ದುಂಡಾದ ಸ್ವಚ್ಛ ತೂತು ಮಾಡುತ್ತವೆ. ಆರ್‌ಡಬ್ಲ್ಯುಎಸ್, ಎಚ್ ಆ್ಯಂಡ್ ಎನ್, ಜೆಎಸ್‌ಬಿ ಡಬ್ಬಿಗಳ ಮೇಲೆ 4.49, 4.50, 4.51 ಎಂದು ತಲೆಯ ಅಳತೆ ಬರೆದಿರುತ್ತದೆ. ಒಂದೇ ಕಂಪನಿಯ ಎರಡು ನಳಿಗೆಗಳಿಗೂ ಬೇರೆ ಬೇರೆ ಅಳತೆ ಹಿಡಿಸುವುದುಂಟು, ಹೊಡೆದೇ ತಿಳಿಯಬೇಕು. ಡಬ್ಬಿ ಕೆಳಗೆ ಬಿದ್ದರೆ ಪೆಲೆಟ್ಟಿನ ಹಿಂಬದಿಯ ತೆಳು ಅಂಚು ಜಜ್ಜಿಹೋಗುತ್ತದೆ, ಅವನ್ನು ಅಭ್ಯಾಸಕ್ಕೂ ಬಳಸಬೇಡಿ. ಪೆಲೆಟ್ ಸೀಸದ್ದು. ಹೊಡೆದು ಮುಗಿಸಿದ ಮೇಲೆ ಸಾಬೂನಿನಿಂದ ಕೈ ತೊಳೆಯದೆ ಮಂಡಕ್ಕಿ ಪೊಟ್ಟಣಕ್ಕೆ ಕೈ ಹಾಕಬಾರದು, ಪೆಲೆಟ್ಟನ್ನು ಬಾಯಲ್ಲಿ ಕಚ್ಚಿ ಹಿಡಿಯುವ ಅಭ್ಯಾಸವನ್ನು ಮಕ್ಕಳಿಂದ ಮೊದಲ ದಿನವೇ ಬಿಡಿಸಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೂಲ ಬಿಲ್, ಕ್ರಮಸಂಖ್ಯೆ, ಸಿಲಿಂಡರಿನ ದಿನಾಂಕ, ನಳಿಗೆಯ ಬಾಯಿ ಇವನ್ನು ನೋಡಬೇಕು. ಬಾಯಿಯ ಅಂಚಿನಲ್ಲಿ ಚಿಕ್ಕ ಜಜ್ಜು ಇದ್ದರೂ ಗುಂಪು ಚದುರುತ್ತದೆ. ಪಿಸಿಪಿಯಾದರೆ ಗಾಳಿ ತುಂಬಿಸಿ ಒಂದು ರಾತ್ರಿ ಇಟ್ಟು ಬೆಳಿಗ್ಗೆ ಒತ್ತಡ ತೋರಿಸುವ ಮುಳ್ಳು ಇಳಿದಿದೆಯೇ ನೋಡದೆ ಹಣ ಕೊಡಬೇಡಿ.

ಆರನೆಯ ಹೆಜ್ಜೆ: ಹೊಡೆಯುವ ಜಾಗ

ಮನೆಯ ಹಜಾರವೋ ಗೋದಾಮೋ 10 ಮೀಟರ್ ಉದ್ದ ಸಿಕ್ಕರೆ ಅದೇ ರೇಂಜ್. ಗುರಿಯ ನಡು ನೆಲದಿಂದ 140 ಸೆಂಟಿಮೀಟರ್ ಎತ್ತರದಲ್ಲಿರಲಿ. ಹಿಂದೆ ದಪ್ಪ ತಗಡಿನ ಪೆಟ್ಟಿಗೆ ಇರಿಸಿ, ಅದರ ಹಿಂಬದಿ ತಗಡು ಕೆಳಕ್ಕೆ ಓರೆಯಾಗಿದ್ದರೆ ಪೆಲೆಟ್ ಕೆಳಗೆ ಬೀಳುತ್ತದೆ. ಹಳೆಯ ಬಟ್ಟೆ ಒತ್ತೊತ್ತಾಗಿ ತುಂಬಿದ ಮರದ ಪೆಟ್ಟಿಗೆಯೂ ಆಗಬಹುದು. ಗುರಿ ಮತ್ತು ನಿಂತ ಜಾಗದ ನಡುವೆ ಯಾವ ಬಾಗಿಲೂ ತೆರೆಯಬಾರದು. ಎಲ್ಲರ ಕಣ್ಣಿಗೂ ಕನ್ನಡಕ ಕಡ್ಡಾಯ.

ಬಯಲಿನಲ್ಲಿ ಹೊಡೆಯುವ ಆಸೆ ಇದ್ದರೆ ನಮ್ಮ ಸೀಮೆಯ ಎರಡು ಸಂಗತಿಗಳನ್ನು ಗಮನಿಸಿ. ಚಿತ್ರದುರ್ಗದ ಸುತ್ತ ಎಲ್ಲಿ ನೋಡಿದರೂ ಬಂಡೆ, ಬಂಡೆಗೆ ತಾಗಿದ ಪೆಲೆಟ್ ಯಾವ ದಿಕ್ಕಿಗೆ ಸಿಡಿಯುವುದೆಂದು ಹೇಳಲಾಗದು. ಬಂಡೆಯನ್ನು ಎಂದಿಗೂ ತಡೆಗೋಡೆ ಎಂದುಕೊಳ್ಳಬೇಡಿ. ಎರಡನೆಯದು ಗಾಳಿ. ವಿದ್ಯುತ್ತಿನ ಗಾಳಿಗಿರಣಿಗಳನ್ನು ನೆಡುವಷ್ಟು ಗಾಳಿ ಬೀಸುವ ಊರಿದು. ಅರ್ಧ ಗ್ರಾಮಿನ ಪೆಲೆಟ್ಟನ್ನು ಅದು ಸುಲಭವಾಗಿ ಪಕ್ಕಕ್ಕೆ ತಳ್ಳುತ್ತದೆ, ನೀವು ನಿಮ್ಮ ಟ್ರಿಗರಿನಲ್ಲಿ ದೋಷ ಹುಡುಕುತ್ತ ಕೂರುತ್ತೀರಿ. ಹುಲ್ಲುಗಾವಲುಗಳಲ್ಲಿ, ಕಾಡಂಚಿನಲ್ಲಿ ರೈಫಲ್ ಹಿಡಿದು ಓಡಾಡುವುದಂತೂ ಬೇಡವೇ ಬೇಡ.

ನಳಿಗೆಯನ್ನು ಪದೇ ಪದೇ ತಿಕ್ಕಬೇಕಿಲ್ಲ. ಕೆಲವು ನೂರು ಗುಂಡಿಗೊಮ್ಮೆ ಉಣ್ಣೆಯ ತುಂಡುಗಳನ್ನು ಹಿಂಬದಿಯಿಂದ ಮುಂದಕ್ಕೆ ದಾಟಿಸಿದರೆ ಆಯಿತು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ತುಂಬಿದ ಸಿಲಿಂಡರನ್ನು ಕಾರಿನೊಳಗೆ ಬಿಡಬೇಡಿ. ರೈಫಲ್ ಒಂದು ಬೀಗದಲ್ಲಿ, ಪೆಲೆಟ್ ಇನ್ನೊಂದು ಬೀಗದಲ್ಲಿ ಇರಲಿ.

ಮುಂದೆ .22ಗೆ ಹೋಗುವವರಿಗೆ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ಮೂರು ಭಂಗಿಗಳ ಸ್ಪರ್ಧೆ ಮದ್ದಿನ ತೋಟಾ ಹೊಡೆಯುವ .22 ರೈಫಲ್ಲಿನದು. ಎನ್‌ಸಿಸಿಯಲ್ಲಿ ಅಥವಾ ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಯಲ್ಲಿ ಕೈಯಾಡಿಸಿದ ಅನೇಕರಿಗೆ ಇದರತ್ತ ಮನಸ್ಸು ಎಳೆಯುತ್ತದೆ. ಏರ್ ರೈಫಲ್ಲಿನಲ್ಲಿ ನಿಂತು ಹೊಡೆಯುವುದು ಗಟ್ಟಿಯಾದ ಮೇಲೆಯೇ ಇದಕ್ಕೆ ಕೈ ಹಾಕಿ. ಇದರ ಗುಂಡಿನ ಶಕ್ತಿ ಸ್ಪರ್ಧೆಯ ಏರ್ ರೈಫಲ್ಲಿನ ಹದಿನೈದು ಪಟ್ಟು ಮೀರುತ್ತದೆ; ಮಾನ್ಯತೆ ಪಡೆದ ರೇಂಜಿನ ಹೊರಗೆ ಇದಕ್ಕೆ ಜಾಗವಿಲ್ಲ.

ಪರವಾನಗಿಗೆ 21 ವರ್ಷ ತುಂಬಿರಬೇಕು, ಕಿರಿಯರು ಕ್ಲಬ್ಬಿನ ಮೇಲ್ವಿಚಾರಣೆಯಲ್ಲಿ ತರಬೇತಿ ಪಡೆಯಬಹುದು. ಕ್ಲಬ್ಬಿನ ಸದಸ್ಯತ್ವ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ನಮೂನೆ ಎ-1ರ ಅರ್ಜಿ, ಪೊಲೀಸ್ ವರದಿ, ನಂತರ ಜಿಲ್ಲಾಧಿಕಾರಿಗಳ ಆದೇಶ, ಈ ಕ್ರಮದಲ್ಲಿ ಕಡತ ಸಾಗುತ್ತದೆ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಐದು ವರ್ಷ. ಚುನಾವಣೆಯ ನೀತಿಸಂಹಿತೆ ಜಾರಿಯಾದಾಗ ಆಯುಧಗಳನ್ನು ಠಾಣೆಗೆ ಒಪ್ಪಿಸುವಂತೆ ಆದೇಶ ಬರುತ್ತದೆ. ಸ್ಪರ್ಧೆಯ ದಿನಗಳು ಅದೇ ಹೊತ್ತಿಗೆ ಇದ್ದರೆ ವಿನಾಯಿತಿ ಕೋರಿ ಕ್ಲಬ್ಬಿನ ಪತ್ರದೊಂದಿಗೆ ಮುಂಚಿತವಾಗಿಯೇ ಅರ್ಜಿ ಕೊಡಬೇಕು. ರೈಫಲ್ ಆರಿಸುವಾಗ ಮೈಗೆ ಹೊಂದಿಸುವ ಕ್ರಮ ಮೇಲೆ ಹೇಳಿದ್ದೇ. ತೋಟಾದ ವಿಷಯದಲ್ಲಿ ಮಾತ್ರ ಒಂದು ಹೆಚ್ಚಿನ ಎಚ್ಚರ ಬೇಕು: ಒಂದೇ ಹೆಸರಿನ ತೋಟಾವಾದರೂ ಲಾಟಿನಿಂದ ಲಾಟಿಗೆ, ಅಂದರೆ ಒಂದು ಸಲ ತಯಾರಾದ ಕಂತಿನಿಂದ ಇನ್ನೊಂದಕ್ಕೆ, ವ್ಯತ್ಯಾಸವಿರುತ್ತದೆ, ಆದ್ದರಿಂದ ನಿಮ್ಮ ನಳಿಗೆಗೆ ಹಿಡಿಸಿದ ಲಾಟಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಪರವಾನಗಿಯಲ್ಲಿ ನಮೂದಿಸಿದ ಮಿತಿಯೊಳಗೆ ಸ್ಪರ್ಧೆಯ ಋತುವಿಗೆ ಸಾಲುವಷ್ಟನ್ನು ಒಟ್ಟಿಗೇ ತೆಗೆದುಕೊಳ್ಳಿ.